ನೂಲಿನ ಉಂಡೆ ಮತ್ತು ಸೂಜಿ

ನಮ್ಮ ಕುಕನೂರು ಕಡೆ ಯಾರಾದರೂ ಕೈಯಿಂದ ಚೆಂದದ ಕೆಲಸ ಮಾಡಿದರೆ ಎರಡು ಮಾತು ಕೇಳಿಬರುತ್ತವೆ. ಒಂದು, ‘ಅದು ಅವರ ರಕ್ತದಾಗ ಐತಿ ಬಿಡು.’ ಇನ್ನೊಂದು, ‘ದೇವರು ಕೊಟ್ಟಿದ್ದು, ಎಲ್ಲಾರಿಗೂ ಬರ್ತೈತೇನು?’ ಎರಡೂ ಹೊಗಳಿಕೆಯೇ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೂ ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಹೇಳುವುದು ಒಂದನ್ನೇ: ಕೆಲಸ ಮಾಡಿದವರು ಅದನ್ನು ನಿಜವಾಗಿ ಮಾಡಲಿಲ್ಲ. ಅವರು ಹುಟ್ಟುವ ಮೊದಲೇ ಅದು ಎಲ್ಲೋ ಆಗಿಹೋಗಿತ್ತು, ಅವರ ಕೈಯ ಮೂಲಕ ಹೊರಗೆ ಬಂತು, ಅಷ್ಟೆ.

ಕೊಪ್ಪಳದ ಹತ್ತಿರದ ಕಿನ್ನಾಳದ ವಿಷಯದಲ್ಲಿ ಈ ಮಾತು ಸದಾ ಕೇಳುತ್ತದೆ. ಹಗುರ ಮರದಲ್ಲಿ ದೇವರ ಮೂರ್ತಿ, ಗೊಂಬೆ ಕೆತ್ತಿ, ಹುಣಸೆ ಬೀಜದ ಅಂಟು ಬೆರೆಸಿದ ‘ಕಿಟ್ಟ’ ಹಚ್ಚಿ, ಬಣ್ಣ ತುಂಬುವ ಚಿತ್ರಗಾರ ಮನೆತನಗಳ ಊರದು. ವಿಜಯನಗರದ ಕಾಲದ ಕಸುಬುದಾರರು ತಮ್ಮ ಹಿರಿಯರೆಂದು ಅವರು ಹೇಳಿಕೊಳ್ಳುತ್ತಾರೆ. ಕಿನ್ನಾಳ ಕಲೆಗೆ ಜಿಐ ಟ್ಯಾಗ್ ಕೂಡ ಇದೆ. ಆ ಟ್ಯಾಗ್ ಎಂದರೆ ಈ ಕಲೆ ಈ ಊರಿನದೇ ಎಂದು ಕಾನೂನು ಒತ್ತಿದ ಮುದ್ರೆ. ನಮ್ಮ ತಾಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿ ‘ಕಾವ್ಯಾನಂದ’ ಎಂಬ ಹೆಸರಿನಲ್ಲಿ ಬರೆದ ಸಿದ್ದಯ್ಯ ಪುರಾಣಿಕರ ಬಗ್ಗೆಯೂ ಜನ ಹೀಗೇ ಮಾತಾಡುತ್ತಾರೆ. ಪುರಾಣಿಕ ಎಂಬ ಮನೆಹೆಸರೇ ಅಷ್ಟನ್ನು ಹೇಳುತ್ತದಲ್ಲ. ಅಂಥ ಮನೆಯಲ್ಲಿ ಹುಟ್ಟಿದವರು ಕವಿಯಾಗದೆ ಇನ್ನೇನಾಗಬೇಕಿತ್ತು?

ಮನೆತನ, ಊರು, ಕಸುಬು, ಇವುಗಳಿಗೆ ಪಾತ್ರವಿಲ್ಲ ಎಂದು ನಾನು ಹೇಳಲಾರೆ. ದಿನವೂ ಕಿಟ್ಟದ ವಾಸನೆಯಲ್ಲಿ ಬೆಳೆದ ಮಗುವಿಗೂ ಅದನ್ನು ಕಂಡೇ ಇರದ ಮಗುವಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಕಾರಣಗಳಿವೆ ಎಂದ ಮಾತ್ರಕ್ಕೆ ಕೃತಿ ಮೊದಲೇ ಇತ್ತು ಎಂದಾಗುತ್ತದೆಯೇ? ಹೊಸತು ಎಂಬುದು ಎಲ್ಲಿ ಹುಟ್ಟುತ್ತದೆ?

ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ನಾಲ್ಕು ವರ್ಷದಿಂದ ಕೆಲಸದ ಜೊತೆಗೇ ದೃಶ್ಯಕಲೆಯಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಅದು ‘ಪ್ರಾಕ್ಟೀಸ್ ಬೇಸ್ಡ್ ರಿಸರ್ಚ್’ ಎನ್ನುವ ಬಗೆಯದು. ಕಲೆಯನ್ನು ಮಾಡುತ್ತ ಮಾಡುತ್ತಲೇ ಪ್ರಶ್ನೆ ಕೇಳುವುದು, ಮಾಡಿದ ವಸ್ತುವನ್ನೂ ಅದರ ಬಗೆಗಿನ ಬರಹವನ್ನೂ ಸೇರಿಸಿ ಪ್ರಬಂಧವಾಗಿ ಒಪ್ಪಿಸುವುದು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿದ್ದ ಕ್ರಿಸ್ಟೋಫರ್ ಫ್ರೇಲಿಂಗ್ 1993ರ ಒಂದು ಚಿಕ್ಕ ಲೇಖನದಲ್ಲಿ ಸಂಶೋಧನೆಯನ್ನು ಮೂರು ಬಗೆ ಮಾಡಿದರು: ಕಲೆಯ ಬಗ್ಗೆ ನಡೆಯುವುದು, ಕಲೆಯ ಮೂಲಕ ನಡೆಯುವುದು, ಕಲೆಗೋಸ್ಕರ ನಡೆಯುವುದು. ನನ್ನದು ಎರಡನೆಯ ದಾರಿ. ಕುಕನೂರಿನ ನವಲಿಂಗ ಗುಡಿಗಳ ಮತ್ತು ಇಟಗಿಯ ಮಹಾದೇವ ದೇವಾಲಯದ ಹೊರಗೋಡೆಗಳನ್ನು ಅಳತೆಯಿಟ್ಟು ಪೆನ್ಸಿಲಿನಲ್ಲಿ ಬಿಡಿಸುತ್ತೇನೆ. ಆಮೇಲೆ ಅದೇ ವಿನ್ಯಾಸವನ್ನು ಹಳೆ ಸೀರೆಗಳ ತುಣುಕಿನಲ್ಲಿ ಕೌದಿಯಾಗಿ ಹೊಲಿಯುತ್ತೇನೆ. ಕೌದಿ ಹೊಲಿಯುವುದನ್ನು ಕಲಿತದ್ದು ಅವ್ವನಿಂದ.

ಕಳೆದ ವರ್ಷ ಪ್ರಗತಿ ವರದಿ ಮಂಡಿಸುವಾಗ ಸಮಿತಿಯ ಹಿರಿಯರೊಬ್ಬರು ಕೇಳಿದರು: ‘ಗೋಡೆ ಚಾಲುಕ್ಯರದು, ಕೌದಿ ನಿಮ್ಮ ತಾಯಿಯವರದು. ಇದರಲ್ಲಿ ನಿಮ್ಮದು ಅಂತ ಏನಿದೆ ಮೇಡಂ?’ ನ್ಯಾಯವಾದ ಪ್ರಶ್ನೆ. ನಾನು ಉತ್ತರ ಕೊಡುವ ಮೊದಲೇ ಇನ್ನೊಬ್ಬರು ನನ್ನ ಪರ ವಹಿಸಿದರು: ‘ತಾಯಿ ಕೌದಿ ಹೊಲಿತಾರೆ ಅಂದಮೇಲೆ ಇವರಿಗದು ರಕ್ತಗತ ಬಿಡಿ ಸರ್.’ ಪ್ರಶ್ನೆಗಿಂತ ಆ ಸಮರ್ಥನೆಯೇ ನನ್ನನ್ನು ಹೆಚ್ಚು ದಿನ ಕಾಡಿತು. ಅಂದು ಕೊಡಬೇಕಾದ ಉತ್ತರವನ್ನು ಇಲ್ಲಿ ಬಿಡಿಸಿ ಹೇಳಲು ನೋಡುತ್ತೇನೆ.

ಮೊದಲು ಕಲ್ಲಿನಿಂದ ಶುರು ಮಾಡೋಣ. ಕುಕನೂರಿನ ನವಲಿಂಗ ಗುಡಿಗಳು ರಾಷ್ಟ್ರಕೂಟರ ಕಾಲದವು, 9ನೇ ಶತಮಾನದವು. ಒಂಬತ್ತು ಲಿಂಗಗಳಿಗೆ ಒಂಬತ್ತು ಗುಡಿ, ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಅಲ್ಲಿಯ ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಕರೆಯುತ್ತದೆ. ಎರಡೂ ಊರುಗಳ ನಡುವೆ ಏಳೆಂಟು ಕಿಲೋಮೀಟರು. ಎರಡೂ ಗೋಡೆಗಳ ನಡುವೆ ಇನ್ನೂರಕ್ಕೂ ಹೆಚ್ಚು ವರ್ಷ.

ಬಿಡಿಸಲು ಕೂತರೆ ಆ ಅಂತರ ಮಣಿಕಟ್ಟಿಗೆ ಗೊತ್ತಾಗುತ್ತದೆ. ನವಲಿಂಗದ ಗೋಡೆಯಲ್ಲಿ ಕೈಗೆ ಬಿಡುವು ಸಿಗುತ್ತದೆ. ಅರೆಗಂಬ, ಬಯಲು, ಮತ್ತೆ ಅರೆಗಂಬ. ಇಟಗಿಯ ಗೋಡೆಯಲ್ಲಿ ಪೆನ್ಸಿಲಿನ ಮೊನೆ ಎಷ್ಟು ಚೂಪು ಮಾಡಿದರೂ ಸಾಲದು. ಅರೆಗಂಬದ ನೆತ್ತಿಯ ಮೇಲೆ ಬೆರಳುದ್ದದ ಶಿಖರ, ಅದರ ಮೇಲೆ ಬಳ್ಳಿ, ಬಳ್ಳಿಯ ಸುರುಳಿಯೊಳಗೆ ಮತ್ತೊಂದು ರೂಪ.

ಈ ಬದಲಾವಣೆಗೆ ಪುಸ್ತಕಗಳಲ್ಲಿ ಸಿಗುವ ಮೊದಲ ಕಾರಣ ಬಳಪದ ಕಲ್ಲು. ಬಾದಾಮಿ ಚಾಲುಕ್ಯರು ದೊಡ್ಡ ದೊಡ್ಡ ಮರಳುಗಲ್ಲಿನ ದಿಮ್ಮಿಗಳಿಂದ ಕಟ್ಟಿದರು. 11ನೇ ಶತಮಾನದ ಹೊತ್ತಿಗೆ ಕಟ್ಟುವವರು ಬಳಪದ ಕಲ್ಲಿನ ಚಿಕ್ಕ ತುಂಡುಗಳ ಕಡೆ ಹೊರಳಿದರು. ಹೊಸ ಕಲ್ಲಿನಲ್ಲಿ ಕಟ್ಟಿದ ಮೊದಲ ದೊಡ್ಡ ಗುಡಿ ಎಂದು ಅಣ್ಣಿಗೇರಿಯ ಅಮೃತೇಶ್ವರವನ್ನು, 1050ರ ಗುಡಿಯನ್ನು, ಹೆಸರಿಸುತ್ತಾರೆ. ಬಳಪದ ಕಲ್ಲು ಮೆತ್ತಗಿನದು, ಉಳಿಗೆ ಒಲಿಯುವಂಥದು. ಮರಳುಗಲ್ಲಿನಲ್ಲಿ ಉದುರಿಹೋಗುವ ಎಳೆ ಇದರಲ್ಲಿ ನಿಲ್ಲುತ್ತದೆ. ಹಾಗಾಗಿ ಕೆತ್ತನೆ ಸೂಕ್ಷ್ಮವಾಯಿತು. ಕಲ್ಲು ಬದಲಾಯಿತು, ಕಲೆ ಬದಲಾಯಿತು. ಲೆಕ್ಕ ಮುಗಿಯಿತು.

ಆದರೆ ಹಾವೇರಿ, ಸವಣೂರು, ಹಾನಗಲ್ಲಿನ ಸೀಮೆಯಲ್ಲಿ ಆ ಕಲ್ಲು 1050ರಲ್ಲಿ ಹುಟ್ಟಿದ್ದಲ್ಲ. ಬಾದಾಮಿಯ ಬಂಡೆಗಳನ್ನು ಕಡಿಯುತ್ತಿದ್ದ ಕಾಲದಲ್ಲೂ ಅದು ಅಲ್ಲೇ ಇತ್ತು. ಕಲ್ಲು ತಾನಾಗಿಯೇ ಕಲೆಯನ್ನು ಹುಟ್ಟಿಸುವುದಾದರೆ ಅಷ್ಟು ಶತಮಾನ ಯಾಕೆ ಸುಮ್ಮನಿತ್ತು? ಯಾರೋ ಅದನ್ನು ಎತ್ತಿ, ಉಳಿಯಿಟ್ಟು ನೋಡಿ, ಇದರಲ್ಲಿ ದೊಡ್ಡ ದಿಮ್ಮಿ ಬೇಡ, ಚಿಕ್ಕ ತುಂಡು ಸಾಕು ಎಂದು ಕಟ್ಟುವ ಬಗೆಯನ್ನೇ ಬದಲಿಸಬೇಕಾಯಿತು. ಕಲ್ಲು ಒಂದು ಬಾಗಿಲು ತೆರೆದಿತ್ತು ನಿಜ. ಒಳಗೆ ಕಾಲಿಡಬೇಕಾದದ್ದು ಮನುಷ್ಯರು.

ಎರಡನೆಯ ವಾದ ಇದಕ್ಕಿಂತ ಗಟ್ಟಿಯಾದದ್ದು. ಬ್ರಿಟನ್ನಿನ ಆಡಮ್ ಹಾರ್ಡಿ ಎಂಬ ವಾಸ್ತುಶಿಲ್ಪಿ ಕರ್ಣಾಟ ದ್ರಾವಿಡ ಪರಂಪರೆಯ ಗುಡಿಗಳನ್ನು ವರ್ಷಗಟ್ಟಲೆ ನೋಡಿ, ಅಳೆದು, ಬಿಡಿಸಿ, 1995ರಲ್ಲಿ ಒಂದು ದೊಡ್ಡ ಪುಸ್ತಕ ಪ್ರಕಟಿಸಿದರು. 7ನೇ ಶತಮಾನದಿಂದ 13ನೇ ಶತಮಾನದವರೆಗಿನ ಗುಡಿಗಳು ಅದರ ವಿಷಯ. ನಮ್ಮ ಗುಡಿಯ ಗೋಡೆ ಎಂದರೆ ಕಿರುಗುಡಿಗಳ ಸಮೂಹ ಎಂದು ಅವರು ತೋರಿಸುತ್ತಾರೆ. ಮೂಲೆಯಲ್ಲಿ ಚೌಕದ ಕೂಟ, ನಡುವೆ ಉದ್ದನೆಯ ಶಾಲಾ, ಸಂದಿಯಲ್ಲಿ ಪಂಜರ. ತಲೆಮಾರು ಕಳೆದಂತೆ ಈ ಕಿರುಗುಡಿಗಳು ಗೋಡೆಯಿಂದ ಮುಂದೆ ಬರುತ್ತವೆ, ಒಂದರೊಳಗಿಂದ ಇನ್ನೊಂದು ಮೂಡುತ್ತದೆ, ಸಂಖ್ಯೆ ಹೆಚ್ಚುತ್ತದೆ. ಕಾಲಕ್ರಮದಲ್ಲಿ ಜೋಡಿಸಿ ನೋಡಿದರೆ ಬೀಜದಿಂದ ಗಿಡ ಬಂದಂತೆ ಕಾಣುತ್ತದೆ. ಇಟಗಿ ಕುಕನೂರಿನೊಳಗೆ ಮಡಚಿಕೊಂಡು ಕೂತಿತ್ತೇನೋ ಅನ್ನಿಸುತ್ತದೆ.

ಈ ನೋಟ ನನ್ನನ್ನು ಬಹಳ ದಿನ ಹಿಡಿದಿಟ್ಟಿತು. ಯಾಕೆಂದರೆ ಬಿಡಿಸುವಾಗ ಅದು ನಿಜವೆನಿಸುತ್ತಿತ್ತು. ನವಲಿಂಗದ ಒಂದು ಕೂಟವನ್ನು ಬಿಡಿಸಿ, ಇದರ ಮುಂದಿನ ಹೆಜ್ಜೆ ಏನಿರಬಹುದು ಎಂದು ನಾನೇ ಗೆರೆ ಎಳೆದು, ಆಮೇಲೆ ಸೈಕಲ್ ಮೋಟಾರ್ ಹತ್ತಿ ಇಟಗಿಗೆ ಹೋದರೆ ನಾನೆಳೆದದ್ದು ಅಲ್ಲಿ ಕಲ್ಲಿನಲ್ಲಿ ನಿಂತಿರುತ್ತಿತ್ತು. ಒಂದಲ್ಲ, ಮೂರು ಸಲ ಹೀಗಾಯಿತು. ಸ್ವಲ್ಪ ಹೆದರಿಕೆಯೂ ಆಯಿತು. ಇಲ್ಲಿ ಯಾರೂ ಏನನ್ನೂ ಕಂಡುಹಿಡಿಯಲೇ ಇಲ್ಲವೇ? ರೂಪವೇ ತನ್ನನ್ನು ತಾನು ಬಿಚ್ಚಿಕೊಂಡು ಬಂತೇ?

ಆ ಹೆದರಿಕೆಯನ್ನು ಬಿಡಿಸಿದ್ದು ಡಂಬಳ. ಗದಗ ಜಿಲ್ಲೆಯ ಡಂಬಳದಲ್ಲಿ ದೊಡ್ಡಬಸಪ್ಪ ದೇವಾಲಯವಿದೆ. ಅದೂ 12ನೇ ಶತಮಾನದ್ದು, ಅದೂ ಕಲ್ಯಾಣ ಚಾಲುಕ್ಯರ ಕಾಲದ್ದು. ಬೆಳಿಗ್ಗೆ ಇಟಗಿ ನೋಡಿ ಸಂಜೆಯೊಳಗೆ ಡಂಬಳವನ್ನೂ ನೋಡಿ ಬರಬಹುದು. ಇಟಗಿಯ ವಿಮಾನ ಚೌಕವನ್ನು ಬಿಟ್ಟುಕೊಟ್ಟಿಲ್ಲ. ಚೌಕದ ಬದಿಗಳನ್ನೇ ಮೆಟ್ಟಿಲು ಮೆಟ್ಟಿಲಾಗಿ ಮುಂದೆ ತಂದು ಅದು ತುಂಬಿಕೊಂಡಿದೆ. ಡಂಬಳದ ವಿಮಾನ 24 ಮೊನೆಗಳ ನಕ್ಷತ್ರ.

ಆ ನಕ್ಷತ್ರ ಹೇಗೆ ಬರುತ್ತದೆ ಎಂಬುದನ್ನು ನಾನು ರಟ್ಟಿನಲ್ಲಿ ಮಾಡಿ ನೋಡಿದೆ. ನೀವೂ ಮಾಡಬಹುದು. ಒಂದು ಚೌಕ ಕತ್ತರಿಸಿ, ಸರಿಯಾಗಿ ನಡುವೆ ಗುಂಡುಸೂಜಿ ಚುಚ್ಚಿ, ಸುತ್ತ ಗೆರೆ ಎಳೆಯಿರಿ. 15 ಡಿಗ್ರಿ ತಿರುಗಿಸಿ ಮತ್ತೆ ಎಳೆಯಿರಿ. ಹೀಗೆ ಒಟ್ಟು ಆರು ಚೌಕ ಎಳೆದರೆ 24 ಮೂಲೆಗಳು ಸಮನಾಗಿ ಸುತ್ತ ನಿಲ್ಲುತ್ತವೆ. ಏಳನೆಯ ಸಲ ಎಳೆಯಲು ಹೋದರೆ ಮೊದಲಿನ ಚೌಕದ ಮೇಲೇ ಬಂದು ಕೂರುತ್ತದೆ. ಅಲ್ಲಿಗೆ ಮುಗಿಯಿತು. 15 ಡಿಗ್ರಿ ಎಂದು ಒಮ್ಮೆ ನಿರ್ಧರಿಸಿದ ಮೇಲೆ 23 ಮೊನೆಯೂ ಆಗದು, 25 ಮೊನೆಯೂ ಆಗದು. ಅಷ್ಟರ ಮಟ್ಟಿಗೆ ಎಲ್ಲವೂ ನಿಶ್ಚಿತ. ಆದರೆ ಚೌಕವನ್ನು ತಿರುಗಿಸು ಎಂದು ಚೌಕ ಹೇಳುವುದಿಲ್ಲ. ಹೇಳುವಂತಿದ್ದರೆ ಇಟಗಿಯಲ್ಲೂ ಹೇಳಬೇಕಿತ್ತು.

ಒಂದೇ ರಾಜ್ಯ, ಹೆಚ್ಚುಕಡಿಮೆ ಒಂದೇ ಕಾಲ, ಒಂದೇ ಪರಂಪರೆಯ ಕಸುಬು. ಒಂದು ಕಡೆ ಚೌಕ ಅಚ್ಚುಕಟ್ಟಾಗಿ ನಿಂತಿತು, ಇನ್ನೊಂದು ಕಡೆ ತಿರುಗಿತು. ಬೀಜದಿಂದ ಗಿಡ ಬಂದ ಹಾಗೆ ಕಂಡದ್ದು ನಾನು ಒಂದೇ ದಾರಿಯನ್ನು ಹಿಂದಿನಿಂದ ನೋಡಿದ್ದಕ್ಕೆ. ಬೆಟ್ಟದ ಮೇಲೆ ನಿಂತು ಬಂದ ದಾರಿಯನ್ನು ನೋಡಿದರೆ ಅದೊಂದೇ ದಾರಿ ಇದ್ದಂತೆ ಕಾಣುತ್ತದೆ. ಏರುವಾಗ ಎಷ್ಟು ಕಡೆ ನಿಂತು ಎಡವೋ ಬಲವೋ ಎಂದು ನೋಡಿದೆವು ಎಂಬುದು ಮರೆತುಹೋಗಿರುತ್ತದೆ.

ನಿಯತಿವಾದಿಗಳು ಇದಕ್ಕೂ ಉತ್ತರ ಕೊಡಬಹುದು. ಎರಡು ಗುಡಿಗಳ ಸ್ಥಿತಿ ನಿಜವಾಗಿ ಒಂದೇ ಆಗಿರಲಿಲ್ಲ. ಕಟ್ಟಿಸಿದವರ ಮನಸ್ಸು ಬೇರೆ, ಓಜರು ಬೇರೆ, ಅವರು ಕಂಡ ಗುಡಿಗಳು ಬೇರೆ, ಅದಕ್ಕೇ ಫಲವೂ ಬೇರೆ ಎನ್ನಬಹುದು. ಒಪ್ಪುತ್ತೇನೆ. ಆದರೆ ಹಾಗೆ ವಾದಿಸಿದರೆ ಆ ವಾದ ಎಲ್ಲ ಆದ ಮೇಲೆ ಎಲ್ಲವನ್ನೂ ವಿವರಿಸುತ್ತದೆ, ಆಗುವ ಮೊದಲು ಏನನ್ನೂ ಹೇಳುವುದಿಲ್ಲ. ಉಳಿ ಹಿಡಿದವನಿಗೆ ಅದು ಯಾವ ಸಹಾಯವನ್ನೂ ಮಾಡದು. ಅವನು ಹೇಗಿದ್ದರೂ ನಿರ್ಧರಿಸಲೇಬೇಕು.

ಈ ಮಾತು ನನಗೆ ನಿಚ್ಚಳವಾದದ್ದು ಅವ್ವನ ಪಕ್ಕದಲ್ಲಿ ಕೂತು ಹೊಲಿಯುವಾಗ. ಕೌದಿಯಷ್ಟು ಕಟ್ಟುಪಾಡಿನ ಕಲೆ ಇನ್ನೊಂದಿರಲಿಕ್ಕಿಲ್ಲ. ಬಟ್ಟೆ ಕೊಳ್ಳುವ ಮಾತೇ ಇಲ್ಲ. ಹರಿದ ಇಳಕಲ್ ಸೀರೆ, ಅಪ್ಪನ ಧೋತರ, ಮಕ್ಕಳ ಅಂಗಿ, ಕುಪ್ಪಸಕ್ಕೆ ಕತ್ತರಿಸಿ ಉಳಿದ ಗುಳೇದಗುಡ್ಡದ ಖಣ. ಅಳತೆ ಹಾಸಿಗೆಯದು. ಹೊಲಿಗೆ ಒಂದೇ ಬಗೆಯದು, ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುತ್ತದೆ. ಸೂಜಿ, ದಾರ, ಕಣ್ಣಿಗೆ ಬೆಳಕಿರುವ ಮಧ್ಯಾಹ್ನದ ಹೊತ್ತು. ಇಷ್ಟೇ.

ಹೋದ ಬೇಸಿಗೆಯಲ್ಲಿ ಅವ್ವ ಹೊಲಿಯುತ್ತಿದ್ದ ಕೌದಿಯಲ್ಲಿ ಕೆಂಪು ಸೆರಗಿನ ಪಟ್ಟಿ ಒಂದು ಗೇಣು ಕಡಿಮೆ ಬಿತ್ತು. ಬೇರೆ ಕೆಂಪು ಬಟ್ಟೆ ಇತ್ತು, ಅದನ್ನೇ ಹಚ್ಚಬಹುದಿತ್ತು. ಪಟ್ಟಿಯನ್ನು ಬಿಚ್ಚಿ ಅಡ್ಡ ಹಾಕಬಹುದಿತ್ತು. ಅವ್ವ ಎರಡನ್ನೂ ಮಾಡಲಿಲ್ಲ. ಕೆಂಪು ತುಂಡನ್ನು ಇಟ್ಟಳು, ತೆಗೆದಳು. ಹಸಿರು ಖಣದ ಒಂದು ತ್ರಿಕೋನ ಇಟ್ಟಳು, ತಿರುವಿ ಇಟ್ಟಳು, ದೂರ ಸರಿದು ನೋಡಿದಳು. ಚಹಾ ಕುಡಿದು ಬಂದು ಮತ್ತೆ ನೋಡಿದಳು. ಆಮೇಲೆ ಹೊಲಿದುಬಿಟ್ಟಳು. ಆ ಹಸಿರು ಬಂದ ಮೇಲೆ ಎದುರಿನ ಮೂಲೆಯಲ್ಲೂ ಹಸಿರು ಬೇಕಾಯಿತು. ಅದಕ್ಕೆ ಜಾಗ ಬಿಡಲು ನೀಲಿ ಪಟ್ಟಿ ಸಣ್ಣದಾಯಿತು. ಉಳಿದ ಕೌದಿಯೆಲ್ಲ ಆ ಒಂದು ತ್ರಿಕೋನದ ಮಾತನ್ನು ಕೇಳತೊಡಗಿತು. ಹೊಲಿದು ಮುಗಿದಾಗ ನೋಡಿದ ಅಕ್ಕಪಕ್ಕದವರು, ‘ಇದು ಹಿಂಗ ಇರಬೇಕಿತ್ತು ನೋಡವಾ, ಬ್ಯಾರೆ ಹೆಂಗೂ ಒಪ್ಪತಿರಲಿಲ್ಲ’ ಎಂದರು.

ನಾನು ಪಕ್ಕದಲ್ಲೇ ಇದ್ದೆ. ಬೇರೆ ಹೇಗೂ ಇರಬಹುದಿತ್ತು. ಆ ತ್ರಿಕೋನ ಸೀರೆಯಲ್ಲಿರಲಿಲ್ಲ, ಖಣದಲ್ಲಿರಲಿಲ್ಲ. ಅವ್ವನ ಮನಸ್ಸಿನಲ್ಲೂ ಇರಲಿಲ್ಲ. ಇದ್ದಿದ್ದರೆ ಆ ಕೆಂಪು ತುಂಡನ್ನು ಇಟ್ಟು ತೆಗೆಯುತ್ತಿರಲಿಲ್ಲ. ಇಡುವ, ತೆಗೆಯುವ, ದೂರ ಸರಿದು ನೋಡುವ ಆ ಅರ್ಧ ಗಂಟೆಯಲ್ಲಿ ಅದು ಉಂಟಾಯಿತು. ಅದಕ್ಕೆ ಕಾರಣಗಳಿದ್ದವು: ಗೇಣು ಕಡಿಮೆ ಬಿದ್ದ ಪಟ್ಟಿ, ಕೈಗೆ ಸಿಕ್ಕ ಖಣ, ಐವತ್ತು ವರ್ಷ ಬಣ್ಣ ಜೋಡಿಸಿದ ಕಣ್ಣು. ಆದರೆ ಕಾರಣ ಇರುವುದು ಬೇರೆ, ಮೊದಲೇ ಇರುವುದು ಬೇರೆ. ‘ರಕ್ತದಾಗ ಐತಿ’ ಎನ್ನುವವರು ಇವೆರಡನ್ನು ಒಂದೇ ಮಾಡಿಬಿಡುತ್ತಾರೆ. ಆ ಅರ್ಧ ಗಂಟೆಯನ್ನು ಅವರು ಲೆಕ್ಕದಿಂದ ತೆಗೆದುಹಾಕುತ್ತಾರೆ.

ಕನ್ನಡಕ್ಕೆ ಈ ಚರ್ಚೆ ಹೊಸದಲ್ಲ. ಸಂಸ್ಕೃತದ ದಂಡಿ ಕಾವ್ಯಕ್ಕೆ ಮೂರು ಕಾರಣ ಹೇಳಿದ: ಹುಟ್ಟಿನಿಂದ ಬಂದ ಪ್ರತಿಭೆ, ಬಹಳ ಕೇಳಿ ಓದಿ ಬಂದ ತಿಳಿವು, ಬಿಡದ ಅಭ್ಯಾಸ. ಅಲ್ಲಿಗೆ ನಿಲ್ಲಿಸಿದ್ದರೆ ಹುಟ್ಟಿನಲ್ಲಿ ಪ್ರತಿಭೆ ಇಲ್ಲದವರ ಪಾಲಿಗೆ ಬಾಗಿಲು ಮುಚ್ಚುತ್ತಿತ್ತು. ಮರುಕ್ಷಣವೇ ಅವನು ಇನ್ನೊಂದು ಮಾತು ಸೇರಿಸುತ್ತಾನೆ. ಹಿಂದಿನ ವಾಸನೆಯಿಂದ ಬರುವ ಆ ಅಪೂರ್ವ ಪ್ರತಿಭೆ ಇಲ್ಲದಿದ್ದರೂ ಓದಿನಿಂದ, ಯತ್ನದಿಂದ ಸೇವಿಸಿದರೆ ಸರಸ್ವತಿ ಏನಾದರೂ ಅನುಗ್ರಹ ಮಾಡಿಯೇ ಮಾಡುತ್ತಾಳೆ ಎನ್ನುತ್ತಾನೆ. ಪೂರ್ವಜನ್ಮದ ನಂಬಿಕೆಯ ಒಳಗೇ ನಿಂತು ಅವನು ತೆರೆದ ಕಿಟಕಿ ಅದು.

ದಂಡಿಯನ್ನು ಬಹುಮಟ್ಟಿಗೆ ಆಧರಿಸಿಕೊಂಡ ‘ಕವಿರಾಜಮಾರ್ಗ’ 9ನೇ ಶತಮಾನದ್ದು, ಅಂದರೆ ನಮ್ಮ ನವಲಿಂಗ ಗುಡಿಗಳ ಕಾಲದ್ದೇ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಅದು ಕೊಪಣವನ್ನು, ಇಂದಿನ ಕೊಪ್ಪಳವನ್ನು, ಹೆಸರಿಸುತ್ತದೆ. ಈ ನಾಡಿನ ಜನ ಹಟ ಹಿಡಿದು ಓದದೆಯೂ ಕಾವ್ಯಪ್ರಯೋಗದಲ್ಲಿ ಪಳಗಿದವರು ಎಂದು ಹೊಗಳುತ್ತದೆ. ನಮ್ಮ ಕಡೆಯ ಭಾಷಣಕಾರರಿಗೆ ಇದು ಅಚ್ಚುಮೆಚ್ಚಿನ ಮಾತು. ಮಣ್ಣಿನ ಗುಣ ಎಂದು ಸೇರಿಸಿ ಹೇಳುತ್ತಾರೆ. ನನಗೆ ಅದರಲ್ಲಿ ಮಣ್ಣಿಗಿಂತ ಕಿವಿ ಕಾಣುತ್ತದೆ. ಓದದವರೆಂದರೆ ಕಲಿಯದವರಲ್ಲ. ಬೀಸುವಾಗ, ಹಂತಿ ಕಟ್ಟಿ ಕಣ ಮಾಡುವಾಗ, ಡೊಳ್ಳಿನ ಸುತ್ತ ನಿಂತಾಗ ಸಾವಿರ ಸಲ ಕೇಳಿ, ಸಾವಿರ ಸಲ ಹಾಡಿ, ಎಲ್ಲಿ ಉಸಿರು ನಿಲ್ಲಿಸಬೇಕೆಂದು ನಾಲಿಗೆಯಲ್ಲೇ ತಿದ್ದಿಕೊಂಡವರು. ಯಾರೂ ಹಾಜರಿ ಹಾಕದ ಶಾಲೆ ಅದು. ಹಾಜರಿ ಪುಸ್ತಕ ಸಿಗಲಿಲ್ಲ ಎಂದು ಆ ಕಲಿಕೆಯನ್ನು ಮಣ್ಣಿನ ಖಾತೆಗೆ ಜಮಾ ಮಾಡಿದರೆ ಹಾಡಿದವರಿಗೆ ಅನ್ಯಾಯ.

ಇನ್ನೂ ಹಿಂದಕ್ಕೆ ಹೋದರೆ ಬುದ್ಧ, ಮಹಾವೀರರ ಕಾಲದಲ್ಲಿ ಮಕ್ಖಲಿ ಗೋಸಾಲ ಎಂಬಾತನಿದ್ದ. ಆಜೀವಿಕರ ಗುರು. ಎಲ್ಲವೂ ನಿಯತಿ, ಪ್ರಯತ್ನಕ್ಕೆ ಬೆಲೆಯಿಲ್ಲ ಎಂಬುದು ಅವನ ಮತ. ಬೌದ್ಧ ಗ್ರಂಥವೊಂದು ಅವನ ಉಪಮೆಯನ್ನು ಉಳಿಸಿದೆ: ನೂಲಿನ ಉಂಡೆಯನ್ನು ಉರುಳಿಸಿದರೆ ನೂಲು ಮುಗಿಯುವ ತನಕ ಅದು ಬಿಚ್ಚಿಕೊಳ್ಳುತ್ತ ಹೋಗುತ್ತದೆ, ಜೀವದ ಪಯಣವೂ ಹಾಗೆಯೇ. ಇದನ್ನು ಒಮ್ಮೆ ಅವ್ವನಿಗೆ ಹೇಳಿದೆ. ಆಕೆ ಹೊಲಿಗೆಯಿಂದ ತಲೆ ಎತ್ತದೆ ಅಂದಳು: ‘ಉಂಡಿ ಬಿಚ್ಚಿದಷ್ಟ ದಾರ ಬರ್ತೈತಿ, ಖರೆ ಐತಿ. ಆದ್ರ ಸೂಜಿ ಎಲ್ಲಿ ಚುಚ್ಚಬೇಕಂತ ಉಂಡಿಗೆ ಗೊತ್ತಿರತೈತೇನು?’

ಆ ಆಜೀವಿಕರಿಗೆ ಬಿಹಾರದ ಬರಾಬರ್ ಬೆಟ್ಟದಲ್ಲಿ ಗುಹೆಗಳನ್ನು ದಾನ ಕೊಟ್ಟವನು ಅಶೋಕ. ಅದೇ ಅಶೋಕನ ಶಾಸನಗಳು ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ ಇವೆ. ಅಲ್ಲಿಯ ಮಾತು ನಿಯತಿಗೆ ನೇರ ಎದುರು: ಇದು ದೊಡ್ಡವರಿಗೆ ಮಾತ್ರ ಸಾಧ್ಯವೆಂದಲ್ಲ, ಚಿಕ್ಕವರೂ ಪ್ರಯತ್ನಪಟ್ಟರೆ ಹಿರಿದಾದ ಸ್ವರ್ಗವನ್ನು ಪಡೆಯಬಲ್ಲರು ಎಂಬ ಭಾವದ್ದು. ಅಶೋಕ ಹೇಳಿದ್ದು ಧರ್ಮದ ವಿಷಯ, ಕಲೆಯದ್ದಲ್ಲ. ಆದರೂ ಜಿಲ್ಲೆಯ ಅತಿ ಹಳೆಯ ಬರಹಗಳಲ್ಲೊಂದು ಹುಟ್ಟಿನ ಬದಲು ಪ್ರಯತ್ನದ ಪರ ನಿಂತಿದೆ ಎಂಬುದು ನನ್ನಂಥ ಚಿತ್ರಕಲಾ ಶಿಕ್ಷಕಿಗೆ ಸಣ್ಣ ಸಂಗತಿಯಲ್ಲ.

ಇದೇ ಶಾಸನದ ಪಾಠ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಇದೆ. ಅದನ್ನು ಬರೆದವನು ಚಪಡ ಎಂಬ ಲಿಪಿಕಾರ. ಅವನ ಕೆಲಸವನ್ನು ಯೋಚಿಸಿ ನೋಡಿ. ಮಾತು ಅರಸನದು, 
ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಬಂಡೆ ಅಲ್ಲಿಯದು. ಒಂದಕ್ಷರ ಬದಲಿಸುವಂತಿಲ್ಲ. ಎಲ್ಲ ಬರೆದು ಮುಗಿಸಿ, ಕೊನೆಯಲ್ಲಿ ಬರೆದವನು ಚಪಡ ಎಂದು ಬ್ರಾಹ್ಮಿಯಲ್ಲಿ ಹೇಳಿ, ಲಿಪಿಕಾರ ಎಂಬ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ವಾಯವ್ಯ ಭಾರತದ ಬಲದಿಂದ ಎಡಕ್ಕೆ ಬರೆಯುವ ಲಿಪಿಯಲ್ಲಿ, ಬರೆದ. ಅವನಿಗಿದ್ದ ಜಾಗ ಅಂಗೈಯಷ್ಟು. ಅಷ್ಟರಲ್ಲೇ ಅವನು ಒಂದು ಆಯ್ಕೆ ಮಾಡಿದ. ಎರಡು ಸಾವಿರದ ಇನ್ನೂರು ವರ್ಷಗಳಾದ ಮೇಲೂ ಅವನ ಹೆಸರು ನಮಗೆ ಗೊತ್ತಿದೆ, ಅವನು ಆ ಲಿಪಿಯನ್ನೂ ಬಲ್ಲವನಾಗಿದ್ದ ಎಂಬುದೂ ಗೊತ್ತಿದೆ.

ಈಗ ಸಮಿತಿಯ ಆ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಇದರಲ್ಲಿ ನನ್ನದು ಏನಿದೆ? ಕಲ್ಲು ನನ್ನದಲ್ಲ, ವಿನ್ಯಾಸ ನನ್ನದಲ್ಲ, ಹೊಲಿಗೆ ನನ್ನದಲ್ಲ. ನನ್ನದು ಎಂದು ತೋರಿಸಬಹುದಾದದ್ದು ಕವಲುಗಳು. ಎಲ್ಲಿ ಎರಡು ದಾರಿ ಎದುರಾಯಿತು, ಯಾವುದನ್ನು ಇಟ್ಟು ನೋಡಿದೆ, ಯಾವುದನ್ನು ತೆಗೆದೆ, ತೆಗೆದದ್ದಕ್ಕೆ ಆಗ ನನಗೆ ತೋಚಿದ ಕಾರಣ ಏನು. ಇಟಗಿಯ ಗೋಡೆಯ ಕಿರುಶಿಖರಗಳನ್ನು ಬಟ್ಟೆಗೆ ತರುವಾಗ ಎಲ್ಲ ಎಳೆಗಳನ್ನು ತರಲಾಗದು. ಕೌದಿಯ ಹೊಲಿಗೆ ಅಷ್ಟು ಸಣ್ಣದಲ್ಲ. ಯಾವುದನ್ನು ಬಿಟ್ಟರೂ ಗೋಡೆ ಗೋಡೆಯಾಗಿ ಉಳಿಯುತ್ತದೆ, ಯಾವುದನ್ನು ಬಿಟ್ಟರೆ ಬರೀ ಚೌಕಗಳ ಬಟ್ಟೆಯಾಗುತ್ತದೆ ಎಂಬುದನ್ನು ಹದಿನೇಳು ತುಂಡು ಹೊಲಿದು, ಬಿಚ್ಚಿ ತಿಳಿದುಕೊಂಡೆ. ನೆರಳಿನ ಸಂದಿಗಳನ್ನು ಬಿಡುವಂತಿಲ್ಲ ಎಂದು ಗೊತ್ತಾಯಿತು. ಕಿರುಗುಡಿ ಎದ್ದು ಕಾಣುವುದು ಅದರ ಪಕ್ಕದ ಕತ್ತಲೆಯಿಂದ. ಇದು ಯಾವ ಪುಸ್ತಕದಿಂದಲೂ ನನಗೆ ಬಂದದ್ದಲ್ಲ. ಕಪ್ಪು ಧಡಿಯ ಒಂದು ಪಟ್ಟಿಯನ್ನು ತೆಗೆದಾಗ ಗೋಡೆಯೇ ಚಪ್ಪಟೆಯಾಗಿ ಬಿದ್ದುಹೋದದ್ದನ್ನು ಕಂಡು ಬಂದದ್ದು.

ಹಾಗಾಗಿ ನನ್ನ ಪ್ರಬಂಧದಲ್ಲಿ ಮುಗಿದ ಕೌದಿಗಳ ಜೊತೆಗೆ ಬಿಚ್ಚಿದ ತುಂಡುಗಳನ್ನೂ ತಾರೀಖು ಹಾಕಿ ಸೇರಿಸುತ್ತಿದ್ದೇನೆ. ಮಾಡುತ್ತ ನಡೆಸುವ ಸಂಶೋಧನೆಯ ಬೆಲೆ ಇರುವುದು ಇಲ್ಲಿ ಎಂದು ನನ್ನ ನಂಬಿಕೆ. ಮುಗಿದ ಕೃತಿ ಯಾವಾಗಲೂ ತಾನು ಹೀಗೇ ಇರಬೇಕಿತ್ತು ಎಂದು ನಟಿಸುತ್ತದೆ. ಆ ನಟನೆಯ ಹಿಂದಿರುವ ಅರ್ಧ ಗಂಟೆಯನ್ನು ಮಾಡುವವರು ಮಾತ್ರ ಬರೆದಿಡಬಲ್ಲರು. ಇಟಗಿಯ ಓಜರು ಅಂಥದೊಂದು ಟಿಪ್ಪಣಿ ಬಿಟ್ಟುಹೋಗಿದ್ದರೆ ಇಷ್ಟು ಸುಲಭವಾಗಿ ನಾವು ಅವರ ಕೆಲಸವನ್ನು ಕಲ್ಲಿಗೋ ಕಾಲಕ್ಕೋ ಕೊಟ್ಟುಬಿಡುತ್ತಿರಲಿಲ್ಲ.

ಇದು ಸಂಶೋಧಕರ ನಡುವಿನ ವಾದವಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ‘ರಕ್ತದಾಗ ಐತಿ’ ಎಂಬ ಹೊಗಳಿಕೆಗೆ ಇನ್ನೊಂದು ಮಗ್ಗುಲಿದೆ. ಒಬ್ಬರ ರಕ್ತದಲ್ಲಿ ಇದೆ ಎಂದರೆ ಇನ್ನೊಬ್ಬರ ರಕ್ತದಲ್ಲಿ ಇಲ್ಲ ಎಂದಾಯಿತು. ಯಾರ ಮನೆಯಲ್ಲಿ ಯಾವ ಕಸುಬು ಎಂದು ಜಾತಿಯೇ ಬರೆದಿಟ್ಟ ನಮ್ಮ ಊರುಗಳಲ್ಲಿ ಈ ಮಾತು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಶಾಲೆಯಲ್ಲಿ ದಿನವೂ ನೋಡುತ್ತೇನೆ. ಕಾಗದ ಕೊಟ್ಟರೆ ಮುಟ್ಟುವ ಮೊದಲೇ ಮಕ್ಕಳು ಹೇಳುತ್ತಾರೆ: ‘ನಮಗ ಬರಂಗಿಲ್ರಿ ಟೀಚರ್. ನಮ್ಮ ಮನ್ಯಾಗ ಯಾರಿಗೂ ಬರಂಗಿಲ್ರಿ.’ ಹದಿಮೂರು ವರ್ಷದ ಬಾಯಲ್ಲಿ ಗೋಸಾಲನ ಉಂಡೆ.

ಈ ವರ್ಷ ಎಂಟನೆಯ ತರಗತಿಯನ್ನು ನವಲಿಂಗ ಗುಡಿಗೆ ಕರೆದುಕೊಂಡು ಹೋಗಿದ್ದೆ. ಹಾಗೆ ಹೇಳಿದವಳೊಬ್ಬಳು ಗೋಡೆಯ ಮುಂದೆ ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ಅವಳ ಅಪ್ಪ ಗೌಂಡಿ ಕೆಲಸದವರು. ಸುಗ್ಗಿ ಮುಗಿದ ಮೇಲೆ ಮನೆಮಂದಿಯೆಲ್ಲ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿಬರುತ್ತಾರೆ. ಎಲ್ಲರೂ ಮೇಲಿನ ಶಿಖರದಿಂದ ಶುರು ಮಾಡಿದ್ದರು. ಅವಳು ಎಲ್ಲಕ್ಕಿಂತ ಕೆಳಗಿನ ಅಧಿಷ್ಠಾನದ ಗೆರೆಗಳನ್ನು ಎಳೆಯುತ್ತಿದ್ದಳು. ಯಾಕೆಂದು ಕೇಳಿದೆ. ‘ಪಾಯಾ ಹಾಕದ ಮ್ಯಾಲಿಂದು ನಿಂದರಂಗಿಲ್ರಿ’ ಎಂದಳು. ಆಮೇಲೆ ರಬ್ಬರ್ ತೆಗೆದುಕೊಂಡು ಎರಡನೆಯ ಗೆರೆಯನ್ನು ಅಳಿಸಿ ಒಂದು ಚೂರು ಒಳಗೆ ಎಳೆದಳು. ನೋಡಿದಳು. ಮತ್ತೆ ಅಳಿಸಿ ಹೊರಗೆ ಎಳೆದಳು.

ಅಪ್ಪನ ಕಸುಬು ಅವಳಿಗೆ ಪಾಯದ ಮೇಲೆ ಕಣ್ಣು ಕೊಟ್ಟಿತ್ತು. ಅದು ಕಾರಣ. ಆ ಗೆರೆ ಒಳಗಿರಬೇಕೋ ಹೊರಗಿರಬೇಕೋ ಎಂಬುದನ್ನು ಅಪ್ಪ ಹೇಳಿಕೊಟ್ಟಿರಲಿಲ್ಲ. ಗೋಡೆಯನ್ನು ನೋಡಿದರೆ ಗೊತ್ತಾಗುತ್ತಿತ್ತು, ಆದರೆ ಅವಳು ಗೋಡೆಯನ್ನು ನೋಡುತ್ತಿರಲಿಲ್ಲ, ಕಾಗದವನ್ನು ನೋಡುತ್ತಿದ್ದಳು. ಕೊನೆಗೆ ಅವಳು ಗೆರೆಯನ್ನು ಗೋಡೆಯಲ್ಲಿ ಇರುವುದಕ್ಕಿಂತ ಸ್ವಲ್ಪ ಹೆಚ್ಚೇ ಹೊರಗೆ ತಂದಳು. ಅಳತೆಗೆ ಅದು ಹೊಂದುವುದಿಲ್ಲ. ನಾನು ತಿದ್ದಲಿಲ್ಲ. ಹಾಳೆಯ ಹಿಂದೆ ತಾರೀಖು ಹಾಕಿಸಿ, ಅಳಿಸಿದ ಗೆರೆಗಳ ಗುರುತು ಹಾಗೇ ಇರಲಿ ಎಂದು ಹೇಳಿ ಮುಂದಿನ ಹುಡುಗನ ಹತ್ತಿರ ಹೋದೆ.